ಬ್ಲಫ್ಫಿನ ಟ್ರಾಲಿ

ನಮ್ಮೂರಿನ ಹೆಸರಲ್ಲೇ ಬೆಳಕಿದೆ, ರೈಲು ಮಾತ್ರ ಇಲ್ಲ. ಬೆಳಕವಾಡಿಯ ಹುಡುಗರಿಗೆ ರೈಲೆಂದರೆ ಮದ್ದೂರು, ಮದ್ದೂರೆಂದರೆ ವಡೆ. ವರ್ಷಕ್ಕೊಂದು ಸಲ ಎರಡೂ ಸಿಕ್ಕರೆ ಪುಣ್ಯ. ಹೀಗಿದ್ದೂ ನಾನು ಉಗಿಬಂಡಿಗಿಂತ ಮೊದಲು ಹತ್ತಿದ್ದು ಕರೆಂಟಿನ ಗಾಡಿ!

ಅದು ನಮ್ಮೂರ ಪಕ್ಕದ ಶಿವನಸಮುದ್ರದ ಬ್ಲಫ್ಫಿನ ಟ್ರಾಲಿ. ಅಲ್ಲಿನ ಕರೆಂಟ್ ಮನೆ ಇರುವುದು ಕಣಿವೆಯ ತಳದಲ್ಲಿ. ದಪ್ಪ ಪೈಪುಗಳೊಳಗೆ ಕಾವೇರಿ ಧುಮುಕುವ ಆ ಇಳಿಜಾರಿನಲ್ಲೇ ಹಳಿ ಹಾಸಿದೆ. ಅದರ ಮೇಲಿನ ಗಾಡಿಗೆ ಇಂಜಿನ್ನಿಲ್ಲ, ಉಕ್ಕಿನ ಹಗ್ಗವೇ ಗತಿ. ಮೇಲೆ ಕರೆಂಟಿನ ವಿಂಚು ತಿರುಗಿದರೆ ಇಳಿಯುತ್ತದೆ, ಹಿಂದಕ್ಕೆ ತಿರುಗಿದರೆ ಏರುತ್ತದೆ. ಅಲ್ಲಿ ಕೆಲಸಕ್ಕಿದ್ದ ಮಾವ ನನ್ನನ್ನು ಕೂರಿಸಿಕೊಂಡು, "ಗಟ್ಟಿಯಾಗಿ ಹಿಡ್ಕೋ, ಕೆಳಗೆ ನೋಡ್ಬೇಡ" ಅಂದರು. ಹಾಗಂದ ಮೇಲೆ ನೋಡದವರುಂಟೇ? ನೋಡಿದೆ. ಹೊಟ್ಟೆಯೊಳಗಿದ್ದ ಮುದ್ದೆ ಗಂಟಲಿಗೆ ಬಂತು. ಗ್ರೀಸಿನ ವಾಸನೆ, ಕಾಲಡಿಯ ಹಲಗೆಯ ನಡುಕ, ಹಗ್ಗದ ಕಿರುಗುಟ್ಟುವಿಕೆ ಇನ್ನೂ ನೆನಪಿವೆ.

ಆ ಕರೆಂಟ್ ಮನೆ ಮೈಸೂರಿನ ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಕೆಲಸ. ಪಾಪ, ಅವರು 1901ರಲ್ಲೇ ತೀರಿಕೊಂಡರು. ಕರೆಂಟು ಹರಿದದ್ದು 1902ರ ಜೂನ್‌ನಲ್ಲಿ, ಅದೂ ನೂರ ನಲವತ್ತೇಳು ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಪಕ್ಕದಲ್ಲೇ ಇದ್ದ ನಮ್ಮಜ್ಜಿ ಬುಡ್ಡಿ ಒರೆಸುತ್ತಲೇ ಮುದುಕಿಯಾದಳು. ದೀಪದ ಬುಡ ಕತ್ತಲೆ ಎನ್ನುವ ಗಾದೆ ನಮ್ಮ ಸೀಮೆಯಲ್ಲೇ ಹುಟ್ಟಿರಬೇಕು. ಗಾಡಿಯ ಮಾತಿಗೆ ಬಂದರೆ, ಮದರಾಸಿನಲ್ಲಿ 1895ರಿಂದಲೇ ಕರೆಂಟ್ ಟ್ರಾಮ್ ಓಡುತ್ತಿತ್ತು. ಇಷ್ಟು ಬೇಗ ಕರೆಂಟು ಕಂಡ ಮೈಸೂರು ಸೀಮೆಯಲ್ಲಿ ರೈಲು ಮಾತ್ರ ಕಲ್ಲಿದ್ದಲನ್ನೇ ತಿನ್ನುತ್ತಿತ್ತು. ಬೆಂಗಳೂರು–ಮೈಸೂರು ಹಳಿಯ ಮೇಲೆ ತಂತಿ ಎಳೆಯಲು ನೂರು ವರ್ಷಕ್ಕೂ ಮಿಕ್ಕಿ ಹಿಡಿಯಿತು.

ಈಚೆಗೆ ಮೊಮ್ಮಗಳನ್ನು ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದಿದ್ದೆ. 1979ರಲ್ಲಿ ತೆರೆದದ್ದು. 1899ರ ಮಹಾರಾಣಿ ಸಲೂನ್ ಅಲ್ಲಿದೆ. ನಮ್ಮ ಕರೆಂಟ್ ಮನೆಗಿಂತ ಮೂರು ವರ್ಷ ಹಿರಿಯದು. ಚಂದವಿದೆ, ಆದರೆ ನಿಂತಲ್ಲೇ ನಿಂತಿದೆ. ಹಳೆಯ ಗಾಡಿಯನ್ನು ನೋಡುವುದೇ ಬೇರೆ, ಅದರಲ್ಲಿ ಕೂತು ಅಲುಗಾಡುವುದೇ ಬೇರೆ. ಮೊಮ್ಮಗಳು ಅಲ್ಲಿನ ಪುಟಾಣಿ ರೈಲಿನಲ್ಲಿ ಸುತ್ತು ಹಾಕಿ ಬಂದು, "ತಾತ, ನೀನು ಚಿಕ್ಕೋನಿದ್ದಾಗ ಇಂಥ ರೈಲಿತ್ತಾ?" ಎಂದಳು. ಇತ್ತು ಅಂದೆ. ಮುಂದಕ್ಕೆ ಹೋಗುತ್ತಿರಲಿಲ್ಲ, ಕೆಳಕ್ಕೆ ಹೋಗುತ್ತಿತ್ತು ಅಂದೆ. ನಂಬಲಿಲ್ಲ.

ವಾಪಸು ಬರುವಾಗ ಮೆಮು ಎಂಬ ಕರೆಂಟ್ ರೈಲು ಹತ್ತಿದೆವು. ಹೊಗೆಯಿಲ್ಲ, ಕಿಡಿಯಿಲ್ಲ. ಮದ್ದೂರಿನಲ್ಲಿ ಇಳಿದು ವಡೆ ತಿಂದು ಬಸ್ ಕಾದೆವು. ಬೆಳಕವಾಡಿಯವರು ಕರೆಂಟ್ ರೈಲು ಹತ್ತಬೇಕಾದರೆ ಇವತ್ತಿಗೂ ಮೊದಲು ಬಸ್ಸನ್ನೇ ಹತ್ತಬೇಕು.