ಐದು ಈಡು

ಆ ಕಾಟಿ ಬಿದ್ದದ್ದು 1965ರ ಕಾರ್ತಿಕದಲ್ಲಿ, ಮೂಡಿಗೆರೆ ಸೀಮೆಯ ನಮ್ಮ ಗದ್ದೆಬಯಲಿನ ಮೇಲ್ಗಡೆ, ಚಾರ್ಮಾಡಿ ಘಾಟಿಯ ಕಾಡು ಶುರುವಾಗುವ ಕಡೆ. ಬಚ್ಚಲೊಲೆಯ ಮುಂದೆ ಕೂತು ದೊಡ್ಡಪ್ಪ ಈ ಕಥೆಯನ್ನು ಎಷ್ಟೋ ಮಳೆಗಾಲ ಹೇಳಿದರು. ಅವರು ಹೋದಮೇಲೆ ಹೇಳಬೇಕಾದವನು ನಾನೇ. ಅವತ್ತು ಟಾರ್ಚು, ನೀರಿನ ತಂಬಿಗೆ ಹಿಡಿದುಕೊಂಡು ಅವರ ಹಿಂದೆ ಹೋಗಿದ್ದ ಹುಡುಗ ನಾನು.

ಪರವಾನಗಿ ಪಡೆದವರು ಇನ್ನೂ ಬೇಟೆಯಾಡಬಹುದಾಗಿದ್ದ ಕಾಲ ಅದು. ಭತ್ತ ತೆನೆ ಬಾಗಿತ್ತು. ಹಿಂಡು ಬಿಟ್ಟ ಒಂಟಿ ಗೂಳಿಯೊಂದು ದಿನಾ ಮುಸ್ಸಂಜೆಗೆ ಇಳಿದು ಗದ್ದೆ ಮೇಯುತ್ತಿತ್ತು. ಅದೇ ವಾರ ದೊಡ್ಡಮ್ಮನ ತಮ್ಮ, ನಮಗೆ ಬೆಂಗಳೂರಿನ ಮಾವ, ಒಂದು ಹೊಸ ಬಗೆಯ ಕೋವಿ ತಂದಿದ್ದರು. ಹೊಸದು ಎಂದದ್ದು ನಮ್ಮೂರಿನ ಕಣ್ಣಿಗೆ. ಅವರ ತಂದೆ ಬ್ರಿಟಿಷರ ಕಾಲದಲ್ಲಿ ಲೈಸೆನ್ಸು ಮಾಡಿಸಿ ಇಟ್ಟುಕೊಂಡಿದ್ದ ಅಮೆರಿಕದ ಸೆಲ್ಫ್ ಲೋಡಿಂಗ್ ರೈಫಲ್ ಅದು. ಟ್ರಿಗರ್ ಎಳೆದಷ್ಟು ಸಲ ಈಡು. ಒಂದು ಈಡಿನ ಹೊಡೆತದ ಬಲದಿಂದಲೇ ಖಾಲಿ ತೋಟಾ ಹೊರಗೆ ಹಾರಿ, ಮುಂದಿನ ತೋಟಾ ತಾನಾಗಿ ನಳಿಗೆ ಸೇರುತ್ತಿತ್ತು. ಕೇಪಿನ ಕೋವಿಗೆ ಮಸಿ ಜಡಿದು ಚರೆ ತುಂಬುವಷ್ಟರಲ್ಲಿ ಹಂದಿ ಗುಡ್ಡ ದಾಟುವುದನ್ನು ನೋಡಿ ಬೆಳೆದ ನಮಗೆ ಅದು ದೇವರ ಆಯುಧದಂತೆ ಕಂಡಿತು.

ದೊಡ್ಡಪ್ಪನದು 450/400 ಬೋರಿನ ಜೋಡಿನಳಿಗೆ ರೈಫಲ್. ತೋಟ ಮಾರಿ ಹೊರಟ ಬಿಳಿಯ ಪ್ಲಾಂಟರ್ ಒಬ್ಬರಿಂದ ಕೊಂಡದ್ದು. ಕುಮಾವೂಂನಲ್ಲಿ ಜಿಮ್ ಕಾರ್ಬೆಟ್ ನರಭಕ್ಷಕಗಳ ಬೆನ್ನುಹತ್ತಿದಾಗ ಹಿಡಿದಿದ್ದ ಕೋವಿಗಳಲ್ಲಿ ಒಂದು ಇದೇ ಬೋರಿನದು. ಗುಂಡಿನ ತೂಕ ಸುಮಾರು 26 ಗ್ರಾಂ. ಮಾವನ ಕೋವಿಯ ಗುಂಡು ಅದರ ಅರ್ಧ.

ಕಾಟಿಯನ್ನು ಹತ್ತಿರದಿಂದ ಕಾಣದವರಿಗೆ ಒಂದು ಮಾತು ಹೇಳಬೇಕು. ಬೆಳೆದ ಗೂಳಿ ಸಾವಿರ ಕಿಲೋ ಮುಟ್ಟೀತು, ಭುಜದ ಹತ್ತಿರ ಆರಡಿ ಎತ್ತರ. ಕುತ್ತಿಗೆಯ ಬುಡದಿಂದ ಬೆನ್ನಿನ ನಡುವಿನವರೆಗೆ ಎದ್ದಿರುವ ದಿಬ್ಬ ಎತ್ತಿನ ಹಿಣಿಲಿನ ಹಾಗೆ ಬರೀ ಮಾಂಸದ್ದಲ್ಲ. ಬೆನ್ನುಮೂಳೆಯ ಮುಳ್ಳುಗಳೇ ಉದ್ದಕ್ಕೆ ಬೆಳೆದು ಅದನ್ನು ಹೊತ್ತಿರುತ್ತವೆ. ಈಡುಗಾರನಿಗೆ ಮೋಸ ಮಾಡುವುದು ಈ ದಿಬ್ಬವೇ. ಮೈಯ ನಟ್ಟನಡುವಿಗೆ ಗುರಿ ಇಟ್ಟೆ ಅಂದುಕೊಂಡವನ ಗುಂಡು ಪ್ರಾಣಸ್ಥಾನದಿಂದ ಎಷ್ಟೋ ಮೇಲೆ ಬೀಳುತ್ತದೆ. ಕಾಟಿಯ ಗುಂಡಿಗೆ ಇರುವುದು ಎದೆಯ ಕೆಳಭಾಗದಲ್ಲಿ, ಮುಂಗಾಲಿನ ಮರೆಯಲ್ಲಿ.

ದೊಡ್ಡಪ್ಪ ಇದನ್ನೆಲ್ಲ ಮಾವನಿಗೆ ಮಧ್ಯಾಹ್ನವೇ ಹೇಳಿದ್ದರು. ಮಾವ ಒಳ್ಳೆಯ ಗುರಿಗಾರರು, ತೆಂಗಿನ ಚಿಪ್ಪು ಇಟ್ಟು ಹೊಡೆದು ತೋರಿಸಿದ್ದರು. ಮೊದಲ ಈಡು ಅವರಿಗೇ ಎಂದು ತೀರ್ಮಾನವಾಯಿತು.

ಹೊತ್ತು ಮುಳುಗುವಾಗ ಗೂಳಿ ಬಂತು. ಕಾಡಿನ ಅಂಚಿನಲ್ಲಿ ಬಹಳ ಹೊತ್ತು ನಿಂತು ಗಾಳಿ ಮೂಸಿತು. ಮೊಣಕಾಲಿನಿಂದ ಕೆಳಗೆ ಬಿಳಿ ಕಾಲುಗಳು ಮಾತ್ರ ನನಗೆ ಚೆನ್ನಾಗಿ ಕಾಣುತ್ತಿದ್ದವು, ಮೇಲೆಲ್ಲ ಕಪ್ಪು. ನಲವತ್ತು ಮಾರು ದೂರ ಇದ್ದಿರಬೇಕು. ಅಡ್ಡ ತಿರುಗಲಿ ಎಂದು ದೊಡ್ಡಪ್ಪ ಮಾವನ ತೋಳು ಒತ್ತಿ ಹಿಡಿದಿದ್ದರು. ಅದು ಪೂರ್ತಿ ತಿರುಗಿರಲಿಲ್ಲ, ಅಷ್ಟರಲ್ಲಿ ಮೊದಲ ಈಡು ಹೋಯಿತು. ಹಿಂದೆಯೇ ಎರಡು, ಮೂರು, ನಾಲ್ಕು, ಐದು. ಪ್ರತಿಧ್ವನಿ ಗುಡ್ಡದಿಂದ ವಾಪಸು ಬರುವ ಮೊದಲೇ ಕೋವಿ ಖಾಲಿ. ಗೂಳಿ ಒಮ್ಮೆ ಕುಸಿದು, ಎದ್ದು, ಗದ್ದೆಯ ಅಂಚಿನಲ್ಲೇ ಓಡಿ ಕೊಲ್ಲಿಗೆ ಇಳಿಯಿತು. ದೊಡ್ಡಪ್ಪ ಕೋವಿ ಭುಜಕ್ಕೇರಿಸಿದವರು ಹೊಡೆಯಲಿಲ್ಲ. ಅದು ಓಡಿದ ಗೆರೆಯಲ್ಲೇ ಗದ್ದೆ ಕಾಯುವವರ ಮಾಳವಿತ್ತು, ಮಾಳದಲ್ಲಿ ಜನರಿದ್ದರು.

ರಾತ್ರಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಗಾಯಗೊಂಡ ಕಾಟಿಯನ್ನು ಕಾಡಿನಲ್ಲಿ ಬಿಟ್ಟು ಸುಮ್ಮನೆ ಕೂರುವ ಹಾಗಿಲ್ಲ. ಮರುದಿನ ಸೌದೆಗೆ ಹೋದ ಹೆಂಗಸರಿಗೋ ದನ ಕಾಯುವ ಹುಡುಗರಿಗೋ ಅದು ಎದುರಾಗುತ್ತದೆ. ಬೆಳಕು ಹರಿಯುತ್ತಿದ್ದ ಹಾಗೆ ದೊಡ್ಡಪ್ಪ, ಜಾಡು ಹಿಡಿಯುವುದರಲ್ಲಿ ಎತ್ತಿದ ಕೈಯಾಗಿದ್ದ ತೋಟದ ಆಳು, ಇನ್ನಿಬ್ಬರು ಹೊರಟರು. ಮಾವನಿಗೆ ಮನೆಯಲ್ಲೇ ಇರಲು ಹೇಳಿದರು. ಗೋಗರೆದದ್ದಕ್ಕೆ ನನ್ನನ್ನು ಕೊಲ್ಲಿಯ ಮೇಲಿನ ನೇರಳೆ ಮರ ಹತ್ತಿಸಿ ಕೂರಿಸಿದರು.

ಜಾಡುಗಾರ ರಕ್ತವನ್ನು ಬೆರಳಿಗೆ ಹಚ್ಚಿಕೊಂಡು ನೋಡಿ, “ನೊರೆ ಇಲ್ಲ ಗೌಡ್ರೇ, ಕಪ್ಪಗಿದೆ, ಮೇವಿನ ಚೂರು ಸೇರಿದೆ” ಅಂದದ್ದು ಕೇಳಿಸಿತು. ಶ್ವಾಸಕ್ಕೆ ತಗುಲಿದ್ದರೆ ರಕ್ತ ಕೆಂಪಗೆ, ನೊರೆನೊರೆಯಾಗಿ ಇರುತ್ತದೆ. ಇದು ಹೊಟ್ಟೆಯ ಗಾಯ. ಸಾಯುವುದಕ್ಕೆ ದಿನಗಟ್ಟಲೆ ಹಿಡಿಯುವ ಗಾಯ.

ಕೊಲ್ಲಿಯ ತಳದಲ್ಲಿ ವಾಟೆಯ ಮೆಳೆ. ಗೂಳಿ ತಾನು ಬಂದ ದಾರಿಗೇ ಮುಖ ಮಾಡಿ ಅದರೊಳಗೆ ಮಲಗಿತ್ತು. ಎದ್ದದ್ದು ನನಗೆ ಕಾಣಲಿಲ್ಲ, ವಾಟೆ ಲಟಲಟನೆ ಮುರಿದ ಸದ್ದು ಮಾತ್ರ. ಮುಂದೆ ಬಗ್ಗಿ ಜಾಡು ನೋಡುತ್ತಿದ್ದವನಿಗೆ ಓಡಲು ಹೊತ್ತಿರಲಿಲ್ಲ. ದೊಡ್ಡಪ್ಪನ ಮೊದಲ ಗುಂಡು ಎದೆಗೆ ಬಿತ್ತು. ಆದರೂ ಅದು ನಿಲ್ಲದೆ ಬಂದು ಜಾಡುಗಾರನನ್ನು ತೊಡೆಯಲ್ಲಿ ತಿವಿದು ಎತ್ತಿಹಾಕಿತು. ಮತ್ತೆ ತಲೆ ತಗ್ಗಿಸಿದಾಗ ಕಿವಿಯ ಹಿಂದಕ್ಕೆ ಎರಡನೆಯ ಗುಂಡು. ನಿಂತ ಜಾಗದಲ್ಲೇ ಕುಸಿಯಿತು. ಬೆರಳು ಮುಂದಿನ ಟ್ರಿಗರಿನಿಂದ ಹಿಂದಿನದಕ್ಕೆ ಸರಿಯುವಷ್ಟೇ ಹೊತ್ತು ಎರಡರ ನಡುವೆ ಇತ್ತು.

ಕಂಬಳಿಗೆ ಗಳು ಕಟ್ಟಿ ಅವನನ್ನು ರಸ್ತೆಯವರೆಗೆ ಹೊತ್ತರು. ಬದುಕಿದ. ಆದರೆ ಆ ಕಾಲು ಮತ್ತೆ ಗುಡ್ಡ ಹತ್ತಲಿಲ್ಲ. ಇಡೀ ಸೀಮೆಯಲ್ಲಿ ಕಾಡನ್ನು ಅವನಷ್ಟು ಬಲ್ಲವರಿರಲಿಲ್ಲ. ಉಳಿದ ಬದುಕೆಲ್ಲ ಕಣದಲ್ಲಿ ಕಾಫಿ ಕಾಯ್ದ. ಈ ಕಥೆಯಲ್ಲಿ ನನಗೆ ಇವತ್ತಿಗೂ ತಡೆಯಲಾಗದ ಭಾಗ ಇದೇ.

ಗೂಳಿಯ ಚರ್ಮ ಬಿಡಿಸುವಾಗ ದೊಡ್ಡಪ್ಪ ಮಾವನನ್ನು ಕರೆಸಿ ಪಕ್ಕದಲ್ಲಿ ನಿಲ್ಲಿಸಿಕೊಂಡರು. ಮೊದಲ ಗುಂಡು ದಿಬ್ಬದೊಳಗೆ ಹಾದುಹೋಗಿತ್ತು, ಬೆನ್ನುಹುರಿಗೆ ಗೇಣು ಮೇಲೆ. ಒಂದು ಹೊಟ್ಟೆಯಲ್ಲಿ. ಇನ್ನೊಂದು ಹಿಂದೊಡೆಯ ಮಾಂಸದಲ್ಲಿ ಅರಳಿ ನಿಂತಿತ್ತು. ಉಳಿದೆರಡು ಮೈಗೆ ತಾಗಿಯೇ ಇರಲಿಲ್ಲ.

ಆ ರಾತ್ರಿ ಬಚ್ಚಲೊಲೆಯ ಮುಂದೆ ಮಾವ ಬಹಳ ಹೊತ್ತು ಸುಮ್ಮನಿದ್ದು, “ಭಾವ, ಕೋವಿ ಕೈಕೊಡಲಿಲ್ಲ. ಐದೂ ಹಾರಿದವು” ಅಂದರು. ದೊಡ್ಡಪ್ಪ ಹೇಳಿದ್ದು ನನಗೆ ಇನ್ನೂ ನೆನಪಿದೆ: “ಅದೇ ಕೇಡಾಯಿತು ಮಾರಾಯ. ಮೊದಲನೆಯದು ತಪ್ಪಿದರೆ ಇನ್ನೂ ನಾಲ್ಕಿದೆ ಅಂತ ನಿನ್ನ ಬೆರಳಿಗೆ ಗೊತ್ತಿತ್ತು. ನನ್ನದರಲ್ಲಿ ಇರುವುದೇ ಎರಡು, ಹಾಗಾಗಿ ನಾನು ಕಾಯುತ್ತೇನೆ.”

ಆಮೇಲೆ ಎರಡೂ ಕೋವಿ ಬಿಚ್ಚಿ ತೋರಿಸಿದರು. ಸೆಲ್ಫ್ ಲೋಡಿಂಗ್ ಕೋವಿ ಕೆಲಸ ಮಾಡುವುದು ತೋಟಾದ ಬಲದ ಮೇಲೆ. ಮಲೆನಾಡಿನ ಮಳೆಗಾಲದಲ್ಲಿ ಹಿತ್ತಾಳೆಗೆ ಕಿಲುಬು ಹಿಡಿದು, ಮದ್ದಿಗೆ ಥಂಡಿ ಹೊಡೆದರೆ ಬೋಲ್ಟು ಪೂರ್ತಿ ಹಿಂದೆ ಹೋಗುವುದಿಲ್ಲ, ತೋಟಾ ಅಡ್ಡ ಸಿಕ್ಕಿಕೊಳ್ಳುತ್ತದೆ. ಕೈಯಿಂದ ತಿರುಗಿಸುವ ಬೋಲ್ಟಿನ ಕೋವಿಯಾದರೆ ನಮ್ಮ ತೋಳಿನ ಬಲ ಹಾಕಿ ಎಳೆಯಬಹುದು. ಮೌಸರ್ 98ರ ಅಗಲವಾದ ಉಗುರು ತೋಟಾದ ಬುಡವನ್ನು ಕಚ್ಚಿಯೇ ಹಿಡಿದಿರುತ್ತದೆ. ಇನ್ನೊಂದು ಸಂಗತಿ, ಅದನ್ನು ಕಾಡಿನಲ್ಲಿ ನಡೆದವರು ಮಾತ್ರ ಬಲ್ಲರು. ಸೆಲ್ಫ್ ಲೋಡಿಂಗ್ ಕೋವಿಯ ಬೋಲ್ಟು ಧಡಕ್ಕನೆ ಮುಚ್ಚಬೇಕು. ಪ್ರಾಣಿಗೆ ಸದ್ದು ಕೇಳೀತೆಂದು ಮೆಲ್ಲಗೆ ಬಿಟ್ಟರೆ ಅದು ಪೂರ್ತಿ ಕೂರದೇ ಹೋಗಬಹುದು, ಆಗ ಟ್ರಿಗರ್ ಎಳೆದರೂ ಈಡಿಲ್ಲ. ಜೋಡಿನಳಿಗೆಯಲ್ಲಿ ನಳಿಗೆ ಎರಡು, ಟ್ರಿಗರ್ ಎರಡು, ಒಳಗಿನ ಯಂತ್ರವೂ ಎರಡು. ಒಂದು ಕೆಟ್ಟರೆ ಇನ್ನೊಂದು ಇದ್ದೇ ಇದೆ, ಎರಡನೆಯ ಈಡಿಗೆ ಏನನ್ನೂ ಅಲುಗಿಸಬೇಕಾಗಿಲ್ಲ.

ಬಲದ ಮಾತೂ ಇದೆ, ಇದನ್ನು ನಾನು ಆಮೇಲೆ ಓದಿ ತಿಳಿದದ್ದು. ವಿಂಚೆಸ್ಟರ್ ಕಂಪನಿ 1907 ಮತ್ತು 1910ರಲ್ಲಿ ತಂದ ಸೆಲ್ಫ್ ಲೋಡಿಂಗ್ ರೈಫಲ್‌ಗಳಲ್ಲಿ ಬೋಲ್ಟನ್ನು ತಡೆದು ನಿಲ್ಲಿಸುತ್ತಿದ್ದುದು ಅದರದೇ ತೂಕ ಮತ್ತು ಸ್ಪ್ರಿಂಗು. ಅದಕ್ಕಾಗಿ ನಳಿಗೆಯ ಕೆಳಗಿನ ಮರದೊಳಗೆ ಭಾರದ ಕಬ್ಬಿಣ ಅಡಗಿಸಿದ್ದರು. ಜಿಂಕೆಗೋ ಕರಡಿಗೋ ಸಾಕಾಗುವ ತೋಟಾಕ್ಕೇ ಅಷ್ಟು ಭಾರ ಬೇಕಾದರೆ, ಆನೆಯ ತೋಟಾಕ್ಕೆ ಇನ್ನೆಷ್ಟು? ಅದೇ ಬೇಡಿಕೆಗೆ ಇಂಗ್ಲೆಂಡಿನವರು ಬೇರೆ ದಾರಿ ಹಿಡಿದರು. ಬಿಸಿಲಿಗೆ ಕಾರ್ಡೈಟ್ ಮದ್ದಿನ ಒತ್ತಡ ಏರಿ ತೋಟಾ ನಳಿಗೆಗೆ ಅಂಟಿಕೊಳ್ಳದಿರಲಿ ಎಂದು ದೊಡ್ಡ ತೋಟಾ, ಕಡಿಮೆ ಒತ್ತಡ ಇಟ್ಟು ಮಾಡಿದರು. ನಮ್ಮ ಕಾಡುಗಳಲ್ಲಿ ನರಭಕ್ಷಕಗಳನ್ನೂ ಪುಂಡಾನೆಗಳನ್ನೂ ಬೆನ್ನಟ್ಟಿದ ಬೆಂಗಳೂರಿನ ಕೆನೆತ್ ಆಂಡರ್ಸನ್ ನೆಚ್ಚಿಕೊಂಡದ್ದೂ ಕೈಯಿಂದ ಲಿವರ್ ಎಳೆದು ತುಂಬುವ 405 ವಿಂಚೆಸ್ಟರನ್ನು.

1967ರಲ್ಲಿ ಬ್ರೌನಿಂಗ್ ಕಂಪನಿಯ ಹೊಸ ಸೆಮಿ ಆಟೊಮ್ಯಾಟಿಕ್, ಅಂದರೆ ಸೆಲ್ಫ್ ಲೋಡಿಂಗ್ ರೈಫಲ್, ಬಂತು. ಅದು ಗ್ಯಾಸಿನ ಬಲದಿಂದ ನಡೆಯುವಂಥದ್ದು, ಮ್ಯಾಗ್ನಮ್ ತೋಟಾಗಳನ್ನೂ ನುಂಗುತ್ತದೆ. ಯಂತ್ರದ ತಕರಾರುಗಳು ಹೀಗೆ ಒಂದೊಂದಾಗಿ ತೀರಿದವು ಎಂದೇ ಒಪ್ಪೋಣ. ಬೆರಳಿನ ತಕರಾರು ತೀರಲಿಲ್ಲ. ಆಫ್ರಿಕದ ಹಲವು ದೇಶಗಳಲ್ಲಿ ಆನೆ, ಕಾಡೆಮ್ಮೆಗೆ 375ಕ್ಕಿಂತ ಸಣ್ಣ ಬೋರು ಸಲ್ಲದು ಎಂಬ ಕಟ್ಟಳೆ ಇದೆ. ಸೆಮಿ ಆಟೊಮ್ಯಾಟಿಕ್ ಹಿಡಿದು ಬೇಟೆಗೆ ಬರುವಂತಿಲ್ಲ ಎಂದೂ ಅಲ್ಲಿ ಹಲವು ಕಡೆ ಹೇಳುತ್ತಾರೆ. ಯುರೋಪಿನ ದೇಶಗಳು 1979ರ ಬರ್ನ್ ಒಪ್ಪಂದದಲ್ಲಿ, ಮ್ಯಾಗಜೀನಿನಲ್ಲಿ ಎರಡಕ್ಕಿಂತ ಹೆಚ್ಚು ತೋಟಾ ಹಿಡಿಯುವ ಸೆಮಿ ಆಟೊಮ್ಯಾಟಿಕ್ಕನ್ನು ಬೇಟೆಯ ನಿಷಿದ್ಧ ಸಾಧನಗಳ ಪಟ್ಟಿಗೆ ಸೇರಿಸಿದವು. ಎರಡು ಎಂಬ ಆ ಲೆಕ್ಕ ಓದಿದಾಗ ನನಗೆ ದೊಡ್ಡಪ್ಪ ನೆನಪಾದರು. ಆ ಕಟ್ಟಳೆಗಳು ಸರಿ ಎಂದೇ ನನ್ನ ಅಭಿಪ್ರಾಯ. ಅಪಾಯದ ಪ್ರಾಣಿಯ ಮುಂದೆ ನಿಂತವನಿಗೆ ಬೇಕಾದದ್ದು ಮೊದಲ ಈಡಿನ ಹೊಣೆ. ಹೆಚ್ಚು ತೋಟಾ ಕೊಟ್ಟರೆ ಆ ಹೊಣೆ ಸಡಿಲವಾಗುತ್ತದೆ.

1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. ಬೇಟೆಯ ಕಾಲ ಮುಗಿಯಿತು, ಮುಗಿದದ್ದು ಒಳ್ಳೆಯದೇ ಆಯಿತು. ಆದರೆ ಕಾಟಿಗಳು ನಮ್ಮ ತೋಟಗಳಿಗೆ ಈಗಲೂ ಬರುತ್ತಿವೆ. ಓಡಿಸುವ ನೆಪದಲ್ಲಿ ಹೊಟ್ಟೆಗೆ ಚರೆ ಹೊಡೆದು ಕಳಿಸುವವರೂ ಇದ್ದಾರೆ. ಅವರಲ್ಲಿ ನನ್ನದೊಂದು ಬೇಡಿಕೆ. ಆ ಚರೆ ಪ್ರಾಣಿಯನ್ನು ಕೊಲ್ಲುವುದಿಲ್ಲ, ಓಡಿಸುವುದೂ ಇಲ್ಲ. ನೋವು ಹೊತ್ತುಕೊಂಡು ಅದು ಪಕ್ಕದ ಮೆಳೆಯಲ್ಲೇ ಮಲಗುತ್ತದೆ, ಬೆಳಿಗ್ಗೆ ಆ ದಾರಿಯಲ್ಲಿ ಮೊದಲು ಬರುವುದು ಕೂಲಿಗೆ ಹೊರಟ ನಿಮ್ಮದೇ ಆಳು. ಕೋವಿ ಗೋಡೆಯ ಮೇಲೇ ಇರಲಿ. ಅರಣ್ಯ ಇಲಾಖೆಗೆ ಹೇಳಿ, ಅವರು ಬರುವವರೆಗೆ ಆ ಪಟ್ಟೆಗೆ ಯಾರನ್ನೂ ಕೆಲಸಕ್ಕೆ ಕಳಿಸಬೇಡಿ.