ಅವ್ವನ ಪಾದ

ನಮ್ಮ ಕೇರಿಯಲ್ಲಿ ಕಾಲುನೋವು ಅಂದರೆ ಕಾಯಿಲೆಯಲ್ಲ, ಕೂಲಿಯ ಇನ್ನೊಂದು ಹೆಸರು. ಕೆಸರುಗದ್ದೆಯಲ್ಲಿ ನಿಂತು ನಾಟಿ ಹಾಕುವವಳ ಕಾಲು ನೋಯದೆ ಇನ್ನೇನು ಅಂತಾರೆ.

ಆದರೆ ಅವ್ವನ ನೋವಿನ ಲೆಕ್ಕವೇ ಬೇರೆ. ದುಡಿದ ನೋವು ಮಲಗಿದರೆ ಇಳಿಯುತ್ತದೆ. ಇದು ಮಲಗಿ ಎದ್ದಾಗಲೇ ಹೆಚ್ಚು. ಬೆಳಗ್ಗೆ ಗಂಟೆಗಟ್ಟಲೆ ಎರಡೂ ಪಾದ ಮರದ ಕೊರಡು. ಬೆರಳ ಬುಡ, ಕಾಲಿನ ಗಿಣ್ಣು ಊದಿ, 'ಜಲ್ಲಿಕಲ್ಲ ಮ್ಯಾಲೆ ನಿಂತಂಗಾಯ್ತದೆ ಕಣ್ರಪ್ಪ' ಅನ್ನುವಳು.

ಪೇಟೆಯ ಡಾಕ್ಟರು ಮುಟ್ಟಿ ನೋಡಲಿಲ್ಲ. 'ನಿಮ್ಮೋರ ಕಾಲೇ ಹಂಗೆ ಕಣಮ್ಮ' ಎಂದು ನೋವಿನ ಸೂಜಿ ಚುಚ್ಚಿ ಕಳಿಸಿದರು. ಹೀಗೇ ಎರಡು ವರ್ಷ. ಅಷ್ಟರಲ್ಲಿ ಬೆರಳು ಸೊಟ್ಟಗಾದವು.

ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವರು ನಾವು. ದೊಡ್ಡಾಸ್ಪತ್ರೆಯ ಚೀಟಿ ಓದಿ ಅವ್ವನಿಗೆ ಹೇಳಿದೆವು: ಇದು ರುಮಟಾಯ್ಡ್ ಸಂಧಿವಾತ. ಮೈ ಕಾಯಬೇಕಾದ ಪಡೆಯೇ ತಿರುಗಿ ಕೀಲಿನ ಒಳಪೊರೆ ತಿನ್ನುವ ರೋಗ. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು. ಮದ್ದಿಲ್ಲವೆ? ಇದೆ. ಮೆಥೋಟ್ರೆಕ್ಸೇಟ್ ಮಾತ್ರೆಗೆ ಅಮೆರಿಕದಲ್ಲಿ ಈ ರೋಗಕ್ಕೆಂದು 1988ರಲ್ಲೇ ಒಪ್ಪಿಗೆ ಸಿಕ್ಕಿತು. ದಿನಾ ಅಲ್ಲ, ವಾರಕ್ಕೊಂದೇ ದಿನ. ಆಗಾಗ ರಕ್ತ ಪರೀಕ್ಷೆ. ಮೊದಲ ತಿಂಗಳುಗಳಲ್ಲೇ ಶುರುವಾದರೆ ಕೀಲು ಬಹುಮಟ್ಟಿಗೆ ಉಳಿಯುತ್ತದೆ. ಸೊಟ್ಟಗಾದದ್ದನ್ನು ಮಾತ್ರೆ ನೆಟ್ಟಗೆ ಮಾಡದು.

ಊರಬೀದಿಯಲ್ಲಿ ಚಪ್ಪಲಿ ಕೈಲಿ ಹಿಡಿದು ನಡೆದವರ ಪಾದಗಳಿವು. ಇವತ್ತು ಮೆತ್ತನೆಯ ಅಗಲ ಚಪ್ಪಲಿಗೆ ಅಂಗಡಿಯವನು ಕೇಳುವುದು ಅವ್ವನ ಮೂರು ದಿನದ ಕೂಲಿ.

ಸ್ವಾಮಿ, ನಮಗೆ ಕನಿಕರ ಬೇಡ. ಊದಿದ ಕಾಲು ಎದುರಿಗೆ ಬಂದರೆ, ಬೆಳಗ್ಗೆ ಎಷ್ಟು ಹೊತ್ತು ಮರಗಟ್ಟುತ್ತದೆ ಅಂತ ಕೇಳಿ. ಕೈಯಿಂದ ಮುಟ್ಟಿ ನೋಡಿ.