ಬೆಂಚಿನ ಸಂಧಿಪ್ರಕರಣ

ಸಂಧಿ ಎಂದರೇನೆಂದು ಹದಿನೆಂಟು ವರ್ಷಗಳಿಂದ ಚಾಮರಾಜನಗರದ ಹುಡುಗರಿಗೆ ಹೇಳಿಕೊಡುತ್ತ ಬಂದಿದ್ದೇನೆ. ಹದಿಮೂರನೆಯ ಶತಮಾನದ ಕೇಶಿರಾಜನನ್ನು ಮುಂದಿಟ್ಟುಕೊಂಡು ಲೋಪ, ಆಗಮ, ಆದೇಶಗಳನ್ನು ಬಿಡಿಸಿ ತೋರಿಸುವುದರಲ್ಲಿ ನನಗೆ ಸಮಾನರಿಲ್ಲವೆಂದು ಒಳಗೊಳಗೇ ಒಂದಿಷ್ಟು ಜಂಬವೂ ಉಂಟು. ಹೋದ ವರ್ಷ ಎರಡು ಮರದ ತುಂಡುಗಳಿಗೆ ಸಂಧಿ ಮಾಡಿಸಲು ಹೊರಟಾಗ ಆ ಜಂಬ ಇಳಿಯಿತು.

ನಮ್ಮದು ಗುಂಡ್ಲುಪೇಟೆಯ ಬಡಗಿಗಳ ಮನೆ. ನೇಗಿಲು, ಗಾಡಿ, ತೊಟ್ಟಿಲು, ಬಾಗಿಲುವಾಡ ಎಲ್ಲವೂ ತಂದೆಯವರ ಕೈಯಲ್ಲಿ ಆದವು. ಆದರೆ ನಾನು ಉಳಿ ಮುಟ್ಟಿದರೆ ಮಾತ್ರ ಅವರಿಗೆ ಸಿಟ್ಟು. "ನಿಂಗ್ಯಾಕ್ಲಾ ಇದು? ಹೋಗಿ ಓದ್ಕೊ" ಎನ್ನುತ್ತಿದ್ದರು. ಓದಿಕೊಂಡೆ, ಎಂ.ಎ. ಆದೆ, ಕಸುಬು ಅವರಿಗೇ ನಿಂತಿತು. ಈಗ ಅವರಿಗೆ ಕಣ್ಣು ಕಾಣದು.

ಕಾರ್ತಿಕದ ಮಳೆಗಾಳಿಗೆ ಹಿತ್ತಲಿನ ಹಲಸು ಉರುಳಿತು. ತಂದೆಯವರು ನನ್ನ ಮನೆಗೆ ಬಂದಿರಲು ಒಪ್ಪಿದ್ದರಿಂದ, ಅವರು ಬಿಸಿಲು ಕಾಯಿಸಿಕೊಳ್ಳಲು ಆ ಮರದಲ್ಲೇ ನಾನೊಂದು ಬೆಂಚು ಮಾಡಬೇಕೆಂದುಕೊಂಡೆ. ಹಲಗೆಗಳನ್ನು ಲಗೇಜು ಆಟೋದಲ್ಲಿ ಕಳಿಸಿ, ಗರಗಸ, ಬಾಚಿ, ಉಳಿ, ಕೊಡತಿ, ಉಜ್ಜುಗೊರಡುಗಳಿದ್ದ ಪೆಟ್ಟಿಗೆಯೊಡನೆ ನಾವಿಬ್ಬರೂ ತೆರಕಣಾಂಬಿಯ ಮೇಲೆ ಹೋಗುವ ಬಸ್ಸು ಹತ್ತಿದೆವು. ಪೆಟ್ಟಿಗೆ ಎತ್ತಿಡಲು ಕೈಕೊಟ್ಟ ಕಂಡಕ್ಟರು ಉಸ್ಸೆಂದು, "ಪುಸ್ತಕಾನಾ ಸಾ?" ಎಂದ. ನಾನು ಹೌದೆಂದುಬಿಟ್ಟೆ. ಏಕೆ ಹಾಗೆಂದೆನೋ! ಪಕ್ಕದಲ್ಲಿದ್ದ ತಂದೆಯವರು ಊರು ಬರುವವರೆಗೆ ಮಾತಾಡಲಿಲ್ಲ.

ಮನೆಗೆ ಬಂದು ಹಲಗೆಯ ಮೇಲೆ ಕೈಯಾಡಿಸಿ, "ಇನ್ನೂ ನೀರ್ ಅದೆ ಕನಪ್ಪ. ನಡುನಡುವೆ ರೀಪು ಕೊಟ್ಟು ನೆಳ್ಳಲ್ಲಿ ಒಂದೊರ್ಸ ಮಲಗಿಸು" ಎಂದರು. ನಾನು ವರ್ಷ ಕಾಯುವ ಗಿರಾಕಿಯೇ? ಸಂಕ್ರಾಂತಿಗೇ ಕೆಲಸ ಹಿಡಿದೆ. ಉಜ್ಜುಗೊರಡು ಒಂದು ಕಡೆ ನಯವಾಗಿ ಹೋಗಿ, ತಿರುಗಿಸಿ ತಳ್ಳಿದರೆ ಸಿಬಿರೆಬ್ಬಿಸುತ್ತಿತ್ತು. ಮರಕ್ಕೂ ನಾಯಿಯ ಮೈಗಿರುವಂತೆ ಒಂದು ನೇವರಿಕೆಯ ದಿಕ್ಕಿದೆಯೆಂದು ನಲವತ್ತಾರನೆಯ ವಯಸ್ಸಿನಲ್ಲಿ ತಿಳಿಯಿತು. ಹಲಗೆಯಲ್ಲಿ ನಾಲ್ಕು ಕಂಡಿ ಕೊರೆದು, ಕಾಲುಗಳ ತುದಿಯನ್ನು ಕೆತ್ತಿ ತೂರಿಸಿದೆ. ಒಂದೇ ಒಂದು ಮೊಳೆಯಿಲ್ಲ! ಹೆಂಡತಿ ಹೊಗಳಿದಳು. ತಂದೆಯವರು ಕುಳಿತು, ಸುಮ್ಮನಿದ್ದರು.

ಬೇಸಿಗೆ ಬಂತು, ಬೆಂಚು ನಡುಗತೊಡಗಿತು. ಮರ ಒಣಗುವಾಗ ಉದ್ದಕ್ಕೆ ಕುಗ್ಗುವುದು ಎಲ್ಲೋ ಅಷ್ಟಿಷ್ಟು, ಅಡ್ಡಕ್ಕೇ ಹೆಚ್ಚು. ಕಾಲುಗಳ ತುದಿ ಸೊರಗಿ ಕಂಡಿಯಲ್ಲಿ ಆಡುತ್ತಿತ್ತು. ನಾನು ಮೊಳೆ ಹುಡುಕುತ್ತಿದ್ದೆ.

"ಮೊಳೆ ಹೊಡೀಬ್ಯಾಡ. ಒಣಗಿದ ಬಿದಿರು ತಾ, ಉಳಿ ತಾ" ಎಂದರು. ಕಾಲಿನ ತುದಿಯಲ್ಲಿ ಸೀಳು ಹಾಕಿಸಿದರು. ಬಿದಿರನ್ನು ಬೆರಳಲ್ಲೇ ಅಳೆದು ನಾಲ್ಕು ಬೆಣೆ ಹೆರೆದರು; ನನ್ನ ಕೈ ನಡುಗುತ್ತಿತ್ತು, ಅವರದಲ್ಲ. ಕೊಡತಿಯ ಏಟಿಗೆ ಬೆಣೆ ಇಳಿದಂತೆ ತುದಿ ಅರಳಿ ಕಂಡಿಯನ್ನು ಕಚ್ಚಿಕೊಂಡಿತು.

"ಇದು ಆಗಮಸಂಧಿ ಅಪ್ಪ. ನಡುವೆ ಇಲ್ಲದ್ದೊಂದು ಬಂದು ಸೇರಿಕೊಳ್ಳೋದು" ಎಂದೆ.

"ಹಂಗಾರೆ ಪೆಟ್ಟಿಗೇಲಿ ಪುಸ್ತಕಾನೇ ಇತ್ತು ಅನ್ನು" ಎಂದರು.

ಒಂದು ಕಾಲು ಈಗಲೂ ಕೂದಲೆಳೆಯಷ್ಟು ಗಿಡ್ಡ. ಹಳೆಯ ಪ್ರಶ್ನಪತ್ರಿಕೆಯೊಂದನ್ನು ಮಡಿಸಿ ಅದರಡಿ ಇಟ್ಟಿದ್ದೇನೆ. ಬೆಳಗಿನ ಬಿಸಿಲಲ್ಲಿ ತಂದೆಯವರು ಅಲ್ಲೇ ಕೂರುತ್ತಾರೆ.